ಕಿಡ್ನಿ ಗಡ್ಡೆಯ ಬಗೆ ತಿಳಿಯಬೇಕೇ? ಮೇಣದ ಬ್ಲಾಕ್ ಕೇಳಿ ಪಡೆಯಿರಿ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ದೊಡ್ಡಮ್ಮನ ಎಡ ಕಿಡ್ನಿ ತೆಗೆದ ಮೇಲೆ ಬಂದ ರಿಪೋರ್ಟಿನಲ್ಲಿ ‘ರೀನಲ್ ಸೆಲ್ ಕಾರ್ಸಿನೋಮಾ’, ಅಂದರೆ ಕಿಡ್ನಿ ಕ್ಯಾನ್ಸರ್, ಅಂತಷ್ಟೇ ಇತ್ತು. ಯಾವ ಬಗೆ ಅಂತ ಬರೆದಿರಲಿಲ್ಲ. ಆಪರೇಷನ್ ಆಯ್ತಲ್ಲ ಅಂತ ಆಸ್ಪತ್ರೆಯವರು ಸುಮ್ಮನಾದರು, ನಾವೂ ಸುಮ್ಮನಾದೆವು. ಹಾಗೆ ಸುಮ್ನಿರಬಾರದಿತ್ತು.

ಕಿಡ್ನಿ ಕ್ಯಾನ್ಸರಿನಲ್ಲಿ ನೂರಕ್ಕೆ 70–75 ಕ್ಲಿಯರ್ ಸೆಲ್ ಬಗೆಯದು. ಕ್ರೋಮೋಫೋಬ್ ಎಂಬ ಇನ್ನೊಂದು ಬಗೆ ಸುಮಾರು 5 ಮಾತ್ರ. ಅದು ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುತ್ತದೆ. ಮುಂದೆ ಹರಡಿದರೆ ಯಾವ ಔಷಧಿ ಅನ್ನುವುದಕ್ಕೂ ಬಗೆ ಗೊತ್ತಿರಬೇಕು.

ಶುರುವಿನ ದಾರಿ ಸಾಮಾನ್ಯವಾಗಿ ಒಂದೇ. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ಸೋನೋಗ್ರಫಿ. ಗಡ್ಡೆ ಕಂಡರೆ ಕಾಂಟ್ರಾಸ್ಟ್ ಕೊಟ್ಟು ಸಿ.ಟಿ. ಅದಕ್ಕೆ ಮೊದಲು, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್ ನೋಡುತ್ತಾರೆ. ಸಿ.ಟಿ. ಗಡ್ಡೆಯ ಅಳತೆ ಹೇಳುತ್ತದೆ, ಬಗೆಯನ್ನು ಖಚಿತವಾಗಿ ಹೇಳುವುದಿಲ್ಲ.

ಅದನ್ನು ಹೇಳುವುದು ಬ್ಲಾಕ್. ಗಡ್ಡೆಯ ಚೂರನ್ನು ಪ್ಯಾರಾಫಿನ್ ಮೇಣದಲ್ಲಿ ಕೂರಿಸಿರುತ್ತಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟು, ಅಂಚಿನಲ್ಲಿ ನಂಬರು. ಲ್ಯಾಬಿಗೆ ಅರ್ಜಿ ಕೊಟ್ಟು ಎಲ್ಲ ಬ್ಲಾಕ್, ಅದರಿಂದ ತೆಳ್ಳಗೆ ಕತ್ತರಿಸಿ ಗಾಜಿಗೆ ಅಂಟಿಸಿದ ಎಲ್ಲ ಸ್ಲೈಡ್ ಕೇಳಿ. ‘ಬ್ಲಾಕ್ ಕಶಾಲಾ ಪಾಹಿಜೆ?’ (ಬ್ಲಾಕ್ ಯಾಕೆ ಬೇಕು?) ಅಂತ ಗುಮಾಸ್ತ ಗೊಣಗಿದರೆ ಸೆಕೆಂಡ್ ಒಪೀನಿಯನ್‌ಗೆ ಅನ್ನಿ. ಅಲ್ಲೇ ನಿಂತು ನಂಬರನ್ನು ರಿಪೋರ್ಟಿನ ಜೊತೆ ತಾಳೆ ನೋಡಿ. ನಾವು ನೋಡದೆ ಬಂದು ಇನ್ನೊಮ್ಮೆ ಓಡಿದೆವು. ಸ್ಲೈಡ್ ಗಾಜು, ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಒಡೆದೀತು. ಸ್ಟೀಲ್ ಡಬ್ಬಿಯಲ್ಲಿ ಹತ್ತಿ ಸುತ್ತಿಡಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಮಾತ್ರ ಬಿಡಬೇಡಿ, ಎಷ್ಟಾದರೂ ಮೇಣ.

ಮುಂಬಯಿ ಪರೇಲ್‌ನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಹೊರಗಿನ ಬ್ಲಾಕ್, ಸ್ಲೈಡ್‌ಗಳನ್ನೂ ಮರುಪರೀಕ್ಷೆ ಮಾಡುತ್ತಾರೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕ್ರೋಮೋಫೋಬ್ ಜೀವಕೋಶ ಮಸುಕು, ಅಂಚು ಮಾತ್ರ ಗೆರೆ ಎಳೆದ ಹಾಗೆ. ಒಳಗಿನ ಕೇಂದ್ರ ಒಣದ್ರಾಕ್ಷಿಯಂತೆ ಸುಕ್ಕು. ತೊಂದರೆ ಏನೆಂದರೆ, ಆಂಕೋಸೈಟೋಮಾ ಅನ್ನುವ ಗಡ್ಡೆಯೂ ಹೆಚ್ಚುಕಡಿಮೆ ಹಾಗೇ ಕಾಣಬಹುದು. ಅದು ಕ್ಯಾನ್ಸರೇ ಅಲ್ಲ! ಆಗ ಐ.ಎಚ್.ಸಿ. ಬೇಕು, ಅಂದರೆ ಜೀವಕೋಶದಲ್ಲಿ ಒಂದು ಗೊತ್ತಾದ ಪ್ರೋಟೀನ್ ಇರುವ ಕಡೆ ಬಣ್ಣ ಹಿಡಿಸಿ ನೋಡುವ ಪರೀಕ್ಷೆ. ಸಿ.ಕೆ.7 ಎಂಬ ಪ್ರೋಟೀನಿನ ಬಣ್ಣ ಕ್ರೋಮೋಫೋಬ್‌ನಲ್ಲಿ ಸಾಮಾನ್ಯವಾಗಿ ತುಂಬಾ ಕಡೆ ಹಿಡಿಯುತ್ತದೆ, ಆಂಕೋಸೈಟೋಮಾದಲ್ಲಿ ಅಲ್ಲೊಂದು ಇಲ್ಲೊಂದು ಜೀವಕೋಶದಲ್ಲಿ ಮಾತ್ರ.

ರಿಪೋರ್ಟಿನಲ್ಲಿ ಕ್ರೋಮೋಫೋಬ್ ಅಂತ ಬಂದರೆ ಮನೆಯವರನ್ನೂ ವಿಚಾರಿಸಿ. ಯಾರಿಗಾದರೂ ಕಿಡ್ನಿ ಗಡ್ಡೆ, ಮುಖದ ಮೇಲೆ ಸಣ್ಣ ಬಿಳಿ ಗುಳ್ಳೆಗಳು, ಶ್ವಾಸಕೋಶದಿಂದ ಗಾಳಿ ಸೋರಿದ್ದು ಇದೆಯಾ? ಇದ್ದರೆ ಬರ್ಟ್-ಹಾಗ್-ಡ್ಯೂಬ್ ಎಂಬ ವಂಶದ ತೊಂದರೆ ಇರಬಹುದು, ಜೀನ್ ಪರೀಕ್ಷೆ ಕೇಳಿ. ದೊಡ್ಡಮ್ಮನದು ಕ್ರೋಮೋಫೋಬೇ. ನಾನು ಇದನ್ನೆಲ್ಲ ಕೇಳಿದಾಗ ಆಕೆ, ‘ಗುಳ್ಳೆ ಇದ್ದದ್ದು ನಿನ್ನ ದೊಡ್ಡಪ್ಪನಿಗೆ, ಅವರು ಬೇರೆ ವಂಶ ಕಣೋ’ ಅಂತ ನಕ್ಕರು.