ಸೆವೆನ್‌ನ ಮುಂದಿನ ಗ್ಲಾಸು ತೆಗೆದು ಪುಟ್ಟ ಸ್ಕ್ರೀನ್ ಹಾಕಿದ್ದು: ಮೂರನೇ ಸಲಕ್ಕೆ ಕೈಗೂಡಿತು

ನನ್ನ ಸೆವೆನ್ ಮೇಲೆ ಮುಚ್ಚಿಲ್ಲದ, ಎರಡು ಸೀಟಿನ ಪುಟ್ಟ ಕಾರು. ಅದರ ಮುಂದಿನ ದೊಡ್ಡ ಗ್ಲಾಸು ತೆಗೆದು, ಒಂದೊಂದು ಸೀಟಿನ ಎದುರಿಗೂ ಗಾಳಿ ತಡೆಯೋ ಒಂದು ಪುಟ್ಟ ಪಾರದರ್ಶಕ ಫಲಕ, ಅಂದರೆ ಸ್ಕ್ರೀನ್, ಹಾಕಬೇಕು ಅನ್ನೋದು ನನ್ನ ಆಸೆ. ಎರಡು ವರ್ಷದಿಂದ ಎಲ್ಲರೂ ನನಗೆ ಒಂದೇ ಮಾತು ಹೇಳುತ್ತಿದ್ದರು. ಪುಟ್ಟ ಸ್ಕ್ರೀನ್ ನೋಡೋಕೆ ಚಂದ, ಆದರೆ ಎಂಬತ್ತು ದಾಟಿದರೆ ತಲೆ ಗಡಗಡ ಅಲ್ಲಾಡುತ್ತೆ, ಒಂದೇ ವಾರಕ್ಕೆ ಹಳೇ ಗ್ಲಾಸು ವಾಪಸ್ ಹಾಕ್ತೀಯ ಅಂತ. ಮೊದಲ ಸೆಟ್‌ನಲ್ಲಿ ಅವರು ಹೇಳಿದ್ದೇ ಆಯಿತು. ಎರಡನೇದು ಬಿರುಕು ಬಿಟ್ಟಿತು. ಮೂರನೇ ಸೆಟ್ ಗಾಡಿ ಮೇಲೆ ಕೂತು ಈಗ ಸುಮಾರು ಏಳು ತಿಂಗಳು. ಹತ್ತಿರ ಹತ್ತಿರ ಆರು ಸಾವಿರ ಕಿಲೋಮೀಟರ್ ಓಡಿದೆ. ಗಂಟೆಗೆ 110ರಲ್ಲಿ ಕತ್ತು ನೆಟ್ಟಗಿಟ್ಟುಕೊಂಡು ಕೂರುತ್ತೇನೆ, ಹೆಲ್ಮೆಟ್ ಒಳಗೆ ಎಂಜಿನ್ ಸದ್ದು ಕೇಳಿಸುತ್ತದೆ. ಆಗಲ್ಲ ಅಂದವರಲ್ಲಿ ಮೂವರು ಬಂದು ಓಡಿಸಿ ನೋಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

1957ರಲ್ಲಿ ಕಾಲಿನ್ ಚಾಪ್‌ಮನ್ ಲೋಟಸ್ ಸೆವೆನ್ ಹೊರತಂದಾಗಿನಿಂದ ಇವತ್ತು ಅದೇ ಗಾಡಿ ಮಾಡೋ ಕೇಟರ್‌ಹ್ಯಾಮ್‌ವರೆಗೂ ಈ ಗಾಡಿಯ ಗ್ಲಾಸು ಕದದ ಹಾಗೆ ನಿಂತೇ ಇದೆ. ವೇಗ ಏರಿದ ಹಾಗೆ ಅದು ಗಾಳಿಯನ್ನು ಎದೆ ಕೊಟ್ಟು ತಡೆಯುತ್ತದೆ. ಒಳ್ಳೇದು ಏನಪ್ಪಾ ಅಂದರೆ ಅದು ಬರೀ ಬೋಲ್ಟಿನ ಮೇಲೆ ನಿಂತಿದೆ. ಎರಡು ಪಕ್ಕದ ಕಂಬ ಬಿಚ್ಚಿದರೆ ಇಡೀ ಫ್ರೇಮು ಕೈಗೆ ಬರುತ್ತದೆ, ಚಾಸಿಗೆ ಏನೂ ಆಗೋದಿಲ್ಲ. ಇದನ್ನು ನೋಡಿ ಮಜ್ದಾ ಎಂಎಕ್ಸ್-5 ಥರದ ಗಾಡಿಯ ಕಂಬ ಕತ್ತರಿಸೋಕೆ ಮಾತ್ರ ಹೋಗಬೇಡಿ. ಅಲ್ಲಿ ಗ್ಲಾಸಿನ ಚೌಕಟ್ಟೇ ಬಾಡಿಯ ಭಾಗ. ಅದು ಬೇರೆಯೇ ಕೆಲಸ, ನಾನು ಮಾಡಿಲ್ಲ.

ಬಿಚ್ಚೋದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಕನ್ನಡಿ ಗ್ಲಾಸಿಗೇ ಅಂಟಿದ್ದರೆ ಅದಕ್ಕೊಂದು ಹೊಸ ಜಾಗ ಮೊದಲೇ ನೋಡಿಡಿ. ವೈಪರ್ ಸ್ಪಿಂಡಲ್ಲಿನ ತೂತುಗಳಿಗೆ ರಬ್ಬರ್ ಬಿರಡೆ ಹಾಕಿ, ಇಲ್ಲದಿದ್ದರೆ ಮೊದಲ ಮಳೆಗೇ ಫ್ಯೂಸ್ ಬಾಕ್ಸ್ ಮೇಲೆ ನೀರು. ಗ್ಲಾಸಿನ ಹೀಟರ್ ವೈರಿಗೆ ಕೊಳವೆ ಹಾಕಿ ಕಟ್ಟಿಬಿಡಿ. ಗ್ಲಾಸು, ಫ್ರೇಮು, ವೈಪರ್ ತೋಳು, ಮೋಟರ್ ಎಲ್ಲಾ ಸೇರಿಸಿ ತಕ್ಕಡಿಗೆ ಇಟ್ಟೆ, ಹನ್ನೆರಡು ಕಿಲೋ ಚಿಲ್ಲರೆ ಬಂತು. ಆ ತೂಕ ಪೂರ್ತಿ ಗಾಡಿಯ ಎತ್ತರದ ಭಾಗದಲ್ಲಿ ಇದ್ದದ್ದು, ಮರೆಯಬೇಡಿ. ಗ್ಲಾಸಿಲ್ಲದೆ, ವೈಪರ್ ಇಲ್ಲದೆ ರಸ್ತೆಗಿಳಿಸಬಹುದೋ ಇಲ್ಲವೋ ಅನ್ನೋ ನಿಯಮ ಒಂದೊಂದು ಕಡೆ ಒಂದೊಂದು ಥರ. ಬಿಚ್ಚುವ ಮೊದಲೇ ವಿಚಾರಿಸಿ. ನಾನು ಹಳೇ ಗ್ಲಾಸನ್ನು ಕಂಬಳಿಯಲ್ಲಿ ಸುತ್ತಿ, ಬೋಲ್ಟುಗಳನ್ನು ಅದರ ಜೊತೆಗೇ ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಅರ್ಧ ಗಂಟೆಯಲ್ಲಿ ವಾಪಸ್ ಕೂರಿಸಬಹುದು.

ಮೊದಲ ಸೆಟ್ ಅಕ್ರಿಲಿಕ್‌ನಲ್ಲಿ, ಅಂದರೆ ಗಾಜಿನಂಥ ಪ್ಲಾಸ್ಟಿಕ್ಕಿನಲ್ಲಿ, ಮಾಡಿದೆ. ಐದು ಮಿಲಿಮೀಟರ್ ದಪ್ಪ, ಬ್ರೂಕ್‌ಲ್ಯಾಂಡ್ಸ್ ಆಕಾರ, ಹದಿನೈದು ಸೆಂಟಿಮೀಟರ್ ಎತ್ತರ, ಹೆಚ್ಚುಕಮ್ಮಿ ನೆಟ್ಟಗೆ. 1907ರಲ್ಲಿ ಶುರುವಾದ ಆ ಇಂಗ್ಲಿಷ್ ರೇಸ್ ಟ್ರ್ಯಾಕ್‌ನ ಹೆಸರೇ ಈ ಸ್ಕ್ರೀನ್‌ಗಳಿಗೆ ಬಂದಿದೆ. ಹಳೇ ಎಂಜಿ ಟಿ ಸರಣಿಯ ಗಾಡಿಗಳಲ್ಲಿ ದೊಡ್ಡ ಗ್ಲಾಸನ್ನು ಬಾನೆಟ್ ಕಡೆಗೆ ಮಲಗಿಸಿ, ಹಿಂದೆ ಇಂಥದೇ ಎರಡು ಗ್ಲಾಸು ನಿಲ್ಲಿಸುತ್ತಿದ್ದರು. ಆ ಫೋಟೋ ನೋಡಿ ನೋಡಿ ನನಗೆ ಹುಚ್ಚು ಹಿಡಿದದ್ದು. ಮೊದಲ ಎರಡು ಶೀಟು ಡ್ರಿಲ್ಲಿಗೇ ಹೋದವು. ಮಾಮೂಲಿ ಡ್ರಿಲ್ ಬಿಟ್ ಅಕ್ರಿಲಿಕ್‌ನ ಆಚೆ ಬದಿಗೆ ಬರೋ ಹೊತ್ತಿಗೆ ಕಚ್ಚಿ ಎಳೆಯುತ್ತದೆ, ಟಕ್ ಅಂತ ಮೂಲೆ ಹಾರುತ್ತದೆ. ಬಿಟ್ಟಿನ ಬಾಯಿ ಸ್ವಲ್ಪ ಮೊಂಡು ಮಾಡಿ, ಕೆಳಗೆ ಮರದ ತುಂಡು ಕೊಟ್ಟ ಮೇಲೆ ಮೂರನೇ ಶೀಟಿಗೆ ತೂತು ಬಿತ್ತು.

ಹಾಕಿದ ದಿನ ಗಾಡಿ ಎಷ್ಟು ಚೆನ್ನಾಗಿ ಕಾಣಿಸಿತು ಅಂದರೆ ಅವತ್ತು ಊಟ ಮರೆತೆ. ಮರುದಿನ ಓಡಿಸಿದೆ. ಎಪ್ಪತ್ತರವರೆಗೆ ಪರವಾಗಿಲ್ಲ. ಎಂಬತ್ತೈದಕ್ಕೆ ಯಾರೋ ಹೆಲ್ಮೆಟ್ ಹಿಡಿದು ಅಲ್ಲಾಡಿಸಿದ ಹಾಗೆ, ಮುಂದಿನ ರಸ್ತೆ ಎರಡೆರಡು ಕಾಣಿಸಿತು. ಪಕ್ಕದ ಸೀಟಿನಲ್ಲಿ ನನ್ನ ತಮ್ಮ. ನನಗಿಂತ ನಾಲ್ಕು ಬೆರಳು ಎತ್ತರ. "ಅಣ್ಣಾ, ನಿಲ್ಸು, ಕತ್ತು ನೋಯ್ತಿದೆ" ಅಂದ. ನಿಲ್ಲಿಸಿದೆ.

ಎಲ್ಲರೂ ಕೊಟ್ಟ ಸಲಹೆ ಎತ್ತರ ಜಾಸ್ತಿ ಮಾಡು ಅಂತ. ನಾನೂ ರಟ್ಟಿನಲ್ಲಿ ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು ಸೆಂಟಿಮೀಟರ್‌ನ ಅಚ್ಚು ಕತ್ತರಿಸಿ ಅಂಟಿಸಿ ನೋಡಿದೆ. ಖಾಲಿ ಜಾಗದಲ್ಲಿ, ಮೆಲ್ಲಗೆ. ಎತ್ತರ ಮಾಡಿದ ಹಾಗೆ ಎದೆಗೆ ಬೀಳುವ ಗಾಳಿ ಕಡಿಮೆಯಾಯಿತು, ತಲೆ ಅಲ್ಲಾಡುವುದು ಇನ್ನೂ ಜಾಸ್ತಿಯಾಯಿತು. ಇದು ನನಗೆ ತಲೆಗೇ ಹೋಗಲಿಲ್ಲ.

ಆಗ ಉಣ್ಣೆ ದಾರ ತಂದೆ. ಐದು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ ಬಾನೆಟ್ ಮೇಲೆ, ಬಾನೆಟ್‌ಗೂ ಡ್ಯಾಶ್‌ಬೋರ್ಡ್‌ಗೂ ನಡುವಿನ ತಗಡಿನ (ಸ್ಕಟಲ್) ಮೇಲೆ, ಸ್ಕ್ರೀನ್ ಹಿಂದೆ ಸಾಲಾಗಿ ಟೇಪ್ ಹಾಕಿದೆ. ಗಾಡಿ ಮಗುಚಿದರೆ ತಲೆ ಕಾಯೋ ರೋಲ್ ಬಾರ್‌ಗೆ ಕ್ಯಾಮೆರಾ ಕಟ್ಟಿದೆ. ತಮ್ಮನ ಕೈಗೆ ತುದಿಯಲ್ಲಿ ಕೆಂಪು ದಾರ ಕಟ್ಟಿದ ಒಂದು ಕಡ್ಡಿ ಕೊಟ್ಟೆ. ಬಾನೆಟ್ ಮೇಲಿನ ದಾರಗಳೆಲ್ಲ ಬಾಚಿದ ಕೂದಲಿನ ಹಾಗೆ ಹಿಂದಕ್ಕೆ ಮಲಗಿದ್ದವು. ತಮ್ಮ ಕಡ್ಡಿಯನ್ನು ಗದ್ದದ ಹತ್ತಿರ ತಂದ. ದಾರ ಹಿಂದಕ್ಕೆ ಹೋಗಲಿಲ್ಲ. ಮುಂದಕ್ಕೆ ಹೋಯಿತು! ಡ್ಯಾಶ್‌ಬೋರ್ಡ್ ಕಡೆಗೆ ನೆಟ್ಟಗೆ ನಿಂತು, ಮೇಲಕ್ಕೆ ಸುತ್ತಿ, ಮತ್ತೆ ಅವನ ವೈಸರ್‌ಗೆ ಬಡಿಯಿತು. ಆ ವಿಡಿಯೋ ಇಪ್ಪತ್ತು ಸಲವಾದರೂ ನೋಡಿದ್ದೇನೆ. ತಲೆ ಅಲ್ಲಾಡಿಸುತ್ತಿದ್ದದ್ದು ಮುಂದಿನಿಂದ ಬರೋ ಗಾಳಿ ಅಲ್ಲ. ಸ್ಕ್ರೀನ್ ಹಿಂದೆ ಗಾಳಿಯ ಒತ್ತಡ ಕಡಿಮೆ ಇರೋ ಗುಂಡಿ ಆಗುತ್ತದೆ, ಅದನ್ನು ತುಂಬೋಕೆ ಸೀಟಿನ ಹಿಂದಿನಿಂದ ಗಾಳಿ ವಾಪಸ್ ನುಗ್ಗುತ್ತದೆ. ಸ್ಕ್ರೀನ್ ಎತ್ತರ ಮಾಡಿದರೆ ಗುಂಡಿ ದೊಡ್ಡದು. ಅಷ್ಟೇ ವಿಷಯ.

ಇದು ಗೊತ್ತಾದ ಮೇಲೆ ಕೆಲಸ ಸುಲಭ ಅಂದುಕೊಂಡೆ. ಸ್ಕ್ರೀನನ್ನು ಹಿಂದಕ್ಕೆ ಮಲಗಿಸಬೇಕು, ಗಾಳಿಯನ್ನು ತಡೆಯೋ ಬದಲು ಮೇಲಕ್ಕೆ ಎಸೆಯಬೇಕು. ಜೊತೆಗೆ ಬಾಗಿದ ಆಕಾರ ಬೇಕು. ಅಕ್ರಿಲಿಕ್ ಕಲ್ಲೇಟಿಗೆ ಚೂರಾಗುತ್ತದೆ, ಅದು ಮುಖದ ಮುಂದೆ ಬೇಡ. ಸುಲಭಕ್ಕೆ ಒಡೆಯದ ಪ್ಲಾಸ್ಟಿಕ್ಕಾದ ಪಾಲಿಕಾರ್ಬೊನೇಟ್ ತಂದೆ. ಬಿಸಿ ಮಾಡಿ ಬಗ್ಗಿಸೋಣ ಅಂತ ಮರದ ಅಚ್ಚು ಮಾಡಿ, ಫ್ಲಾನೆಲ್ ಬಟ್ಟೆ ಹೊದಿಸಿ, ಓವನ್‌ನಲ್ಲಿಟ್ಟೆ. ಹೊರಗೆ ತೆಗೆದಾಗ ಶೀಟಿನ ತುಂಬಾ ಗುಳ್ಳೆ, ಸೋಡಾ ಬಾಟಲಿ ಅಲ್ಲಾಡಿಸಿದ ಹಾಗೆ. ಈ ಶೀಟು ಗಾಳಿಯಲ್ಲಿರೋ ತೇವ ಕುಡಿಯುತ್ತದೆ. ಮೊದಲು 120 ಡಿಗ್ರಿಯಲ್ಲಿ ನಾಲ್ಕೈದು ಗಂಟೆ ಒಣಗಿಸಿ, ಆಮೇಲೆ 180ರ ಆಸುಪಾಸಿಗೆ ಏರಿಸಬೇಕು. ನಾನು ಒಣಗಿಸಿರಲಿಲ್ಲ. ಎರಡು ಶೀಟು ದಂಡ. ಒಣಗಿಸಿದ ಮೇಲೆ ಆಕಾರ ಚೆನ್ನಾಗಿಯೇ ಬಂತು, ಆದರೆ ಬಟ್ಟೆಯ ನೇಯ್ಗೆ ಅಲ್ಲಲ್ಲಿ ಅಚ್ಚೊತ್ತಿತ್ತು. ಬಿಸಿಲಿಗೆ ಹಿಡಿದರೆ ಕಾಣಿಸುತ್ತಿತ್ತು. ಪರವಾಗಿಲ್ಲ ಅಂತ ಹಾಕಿದೆ.

ಅದು ಹನ್ನೊಂದು ದಿನ ಬದುಕಿತು. ಅಲುಗಾಟಕ್ಕೆ ಬೋಲ್ಟು ಸಡಿಲ ಆಗಬಾರದು ಅಂತ ಒಂದೊಂದಕ್ಕೂ ನೀಲಿ ಥ್ರೆಡ್ ಲಾಕರ್ ಎರಡು ಹನಿ ಬಿಟ್ಟಿದ್ದೆ. ಲೋಹಕ್ಕೆ ಅದು ದೇವರು, ಪಾಲಿಕಾರ್ಬೊನೇಟ್‌ಗೆ ವಿಷ. ಒಂದು ಬೆಳಿಗ್ಗೆ ನೋಡಿದರೆ ಎಡಗಡೆಯ ಬೋಲ್ಟಿನ ಸುತ್ತ ಸೂರ್ಯನ ಕಿರಣದ ಹಾಗೆ ಸಣ್ಣ ಸಣ್ಣ ಗೆರೆ. ಉಗುರಿನಿಂದ ಸವರಿದರೆ ಮೇಲೆ ಏನೂ ಸಿಗುತ್ತಿಲ್ಲ, ಗೆರೆ ಒಳಗಿದೆ. ಸಂಜೆಯೊಳಗೆ ಒಂದು ಗೆರೆ ಅಂಚಿನವರೆಗೂ ಹೋಗಿತ್ತು. ಸುತ್ತಿಗೆಯಲ್ಲಿ ಹೊಡೆದರೂ ಒಡೆಯದ ಶೀಟು ಕೈಯಲ್ಲಿ ಬಗ್ಗಿಸಿದರೆ ಬಿಸ್ಕತ್ತಿನ ಹಾಗೆ ಮುರಿಯಿತು. ಅಸಿಟೋನ್, ಪೆಟ್ರೋಲ್, ಅಮೋನಿಯಾ ಇರೋ ಗ್ಲಾಸ್ ಕ್ಲೀನರ್ ಇವು ಯಾವುದನ್ನೂ ಹತ್ತಿರ ತರಬೇಡಿ. ಈಗ ನಾನು ಹಾಕಿರೋದು ಒಳಗೆ ನೈಲಾನ್ ಇರೋ ಲಾಕ್ ನಟ್ಟು ಮಾತ್ರ. ಒಂದೂ ಸಡಿಲವಾಗಿಲ್ಲ.

ದುಡ್ಡಿನ ವಿಷಯ ಮುಚ್ಚಿಡೋದಿಲ್ಲ. ಮೊದಲ ಎರಡು ಸೆಟ್‌ಗೆ ಹಾಳುಮಾಡಿದ ಶೀಟು, ಡ್ರಿಲ್ ಬಿಟ್, ಅಚ್ಚಿನ ಮರ, ಎಲ್ಲಾ ಸೇರಿದರೆ ರೆಡಿಮೇಡ್ ಕಾರ್ಬನ್ ಫೈಬರ್ ಸೆಟ್ ಒಂದನ್ನು ಕೊಳ್ಳುವಷ್ಟು ಹೋಯಿತು, ಸ್ವಲ್ಪ ಮೇಲೆಯೇ ಇರಬಹುದು. ಮನೆಯಲ್ಲಿ ಲೆಕ್ಕ ಕೇಳಿದಾಗ ಪೂರ್ತಿ ಹೇಳಿದೆ, ಎರಡು ದಿನ ಮಾತಿರಲಿಲ್ಲ. ಮೂರನೇ ಸೆಟ್ ಒಂದಕ್ಕೇ ಲೆಕ್ಕ ಹಾಕಿದರೆ ಆ ರೆಡಿಮೇಡ್ ಬೆಲೆಯ ಏಳನೇ ಒಂದು ಭಾಗವೂ ಆಗಿಲ್ಲ. ಅರ್ಧ ದುಡ್ಡು ಶೀಟಿಗೆ, ಉಳಿದದ್ದು ಸ್ಟೇನ್‌ಲೆಸ್ ಬೋಲ್ಟು ಮತ್ತು ರಬ್ಬರಿಗೆ. ನೀವು ನೇರವಾಗಿ ಇಲ್ಲಿಂದ ಶುರು ಮಾಡಿ.

ಮೂರನೇದು ಮೂರು ಮಿಲಿಮೀಟರ್ ಪಾಲಿಕಾರ್ಬೊನೇಟ್. ಓವನ್ ಇಲ್ಲ, ಹಾಟ್ ಏರ್ ಗನ್ ಇಲ್ಲ, ತಣ್ಣಗೇ ಬಗ್ಗಿಸಿದ್ದು. ಕೋಟ್ ಇಲ್ಲದ ಶೀಟನ್ನು ದಪ್ಪದ ನೂರು ಪಟ್ಟು ರೇಡಿಯಸ್‌ಗೆ ಹಾಗೇ ಬಗ್ಗಿಸಬಹುದು. ಮೂರು ಮಿಲಿಮೀಟರ್‌ಗೆ ಮೂವತ್ತು ಸೆಂಟಿಮೀಟರ್ ಆಯಿತು. ಗೀರು ತಡೆಯೋ ಕೋಟ್ ಇರೋ ಶೀಟಿಗೆ ಅದರ ದುಪ್ಪಟ್ಟಾದರೂ ಬೇಕು. ಕೆಲವು ಕೋಟ್ ಬಗ್ಗಿಸಲೇಬಾರದು, ಕೊಳ್ಳುವಾಗ ಕೇಳಿ. ನಾನು ಬಗ್ಗಿಸಬಹುದಾದ ಕೋಟ್ ಶೀಟು ತಂದು ಅರವತ್ತು ಸೆಂಟಿಮೀಟರ್ ಇಟ್ಟುಕೊಂಡೆ. ಕೆಳಗಿನ ಅಲ್ಯೂಮಿನಿಯಂ ಬ್ರಾಕೆಟ್ಟೇ ಆ ಬಾಗು ಹಿಡಿದು ನಿಲ್ಲುತ್ತದೆ.

ಎತ್ತರ ಹನ್ನೆರಡು ಸೆಂಟಿಮೀಟರ್‌ಗೆ ಇಳಿಸಿದೆ. ಹೌದು, ಮೊದಲಿಗಿಂತ ಕಡಿಮೆ. ಸ್ಕ್ರೀನನ್ನು ಸುಮಾರು ನಲವತ್ತೈದು ಡಿಗ್ರಿ ಹಿಂದಕ್ಕೆ ಮಲಗಿಸಿದೆ. ಮೇಲಂಚಿಗೆ ಮುಂದೆ ಚಾಚಿದ ಒಂದು ಸೆಂಟಿಮೀಟರ್ ಅಲ್ಯೂಮಿನಿಯಂ ತುಟಿ ಕೊಟ್ಟು, ಯಾರಿಗೂ ತಾಗಿ ಗಾಯವಾಗದ ಹಾಗೆ ರಬ್ಬರ್ ಬೀಡಿಂಗ್ ಹೊದಿಸಿದೆ. 1971ರಲ್ಲಿ ಅಮೆರಿಕದ ರೇಸರ್ ಡ್ಯಾನ್ ಗರ್ನಿ ರೇಸ್ ಗಾಡಿಯ ಹಿಂದಿನ ರೆಕ್ಕೆಯ ಅಂಚಿಗೆ ಇಂಥದೇ ಪಟ್ಟಿ ಹಾಕಿದ್ದು ನಿಮಗೆ ಗೊತ್ತಿರುತ್ತದೆ. ಅಷ್ಟು ಸಣ್ಣ ಪಟ್ಟಿ ಗಾಳಿಯ ದಿಕ್ಕನ್ನು ಅಷ್ಟು ಬದಲಿಸುತ್ತೆ ಅಂತ ಕೆಂಪು ದಾರ ಮೇಲಕ್ಕೆದ್ದದ್ದು ನೋಡೋವರೆಗೂ ನಾನೂ ನಂಬಿರಲಿಲ್ಲ.

ಆದರೆ ಇಡೀ ಕೆಲಸದ ಜೀವ ಇರೋದು ಕೆಳಗಿನ ಸಂದಿಯಲ್ಲಿ. ಸ್ಕ್ರೀನನ್ನು ಸ್ಕಟಲ್‌ಗೆ ಪೂರ್ತಿ ಅಂಟಿಸಬೇಡಿ. ಕೆಳಗೆ ಸ್ವಲ್ಪ ಗಾಳಿ ನುಗ್ಗೋಕೆ ಬಿಡಿ. ಆ ಗಾಳಿ ಹಿಂದಿನ ಗುಂಡಿಯನ್ನು ತುಂಬುತ್ತದೆ, ಸೀಟಿನ ಹಿಂದಿನಿಂದ ವಾಪಸ್ ಬರೋದಕ್ಕೆ ಜಾಗವೇ ಇರೋದಿಲ್ಲ. ಸಂದಿ ಎಷ್ಟು ಮಿಲಿಮೀಟರ್, ಅದರ ಹಿಂದಿನ ರಬ್ಬರ್ ಪಟ್ಟಿಯನ್ನು ಯಾವ ಆಕಾರಕ್ಕೆ ಕೊರೆದಿದ್ದೇನೆ, ಇದೆರಡು ನನ್ನ ಹತ್ತಿರವೇ ಇರಲಿ. ಹದಿನಾಲ್ಕು ರಟ್ಟಿನ ಅಚ್ಚು ಕತ್ತರಿಸಿ ಕಂಡುಕೊಂಡದ್ದು. ಹೇಗೂ ನಿಮ್ಮ ಎತ್ತರ, ನಿಮ್ಮ ಸೀಟಿಗೆ ಬೇರೆಯೇ ಅಳತೆ ಬರುತ್ತದೆ. ದಾರ ಕಟ್ಟಿ ನೋಡಿ, ಒಂದು ಭಾನುವಾರ ಸಾಕು.

ತೂತಿನ ವಿಷಯದಲ್ಲಿ ಜಿಪುಣತನ ಬೇಡ. ಆರು ಮಿಲಿಮೀಟರ್ ಬೋಲ್ಟಿಗೆ ನಾನು ಒಂಬತ್ತು ಮಿಲಿಮೀಟರ್ ತೂತು ಹಾಕಿದ್ದೇನೆ. ಬಿಸಿಲಿಗೆ ಪಾಲಿಕಾರ್ಬೊನೇಟ್ ಅಲ್ಯೂಮಿನಿಯಂಗಿಂತ ಮೂರು ಪಟ್ಟು ಹಿಗ್ಗುತ್ತದೆ. ನಲವತ್ತು ಸೆಂಟಿಮೀಟರ್ ಅಗಲದ ತುಂಡು ನಲವತ್ತು ಡಿಗ್ರಿ ಬಿಸಿಯಾದರೆ ಕೆಳಗಿನ ಲೋಹಕ್ಕಿಂತ ಮುಕ್ಕಾಲು ಮಿಲಿಮೀಟರ್ ಜಾಸ್ತಿ ಉದ್ದವಾಗುತ್ತದೆ. ಎರಡೂ ಕಡೆ ರಬ್ಬರ್ ವಾಷರ್, ಬೆರಳಲ್ಲಿ ತಿರುಗಿಸಿ ಆಮೇಲೆ ಸ್ಪಾನರ್‌ನಲ್ಲಿ ಅರ್ಧ ಸುತ್ತು. ತೂತಿನ ಒಳಗನ್ನು ಎಮರಿ ಕಾಗದದಲ್ಲಿ ಉಜ್ಜಿ, ಒಂದು ಗೀರೂ ಉಳಿಯಬಾರದು. ಬಿರುಕು ಅಲ್ಲಿಂದಲೇ ಶುರು. ಸ್ಟೇನ್‌ಲೆಸ್ ಬೋಲ್ಟು ಅಲ್ಯೂಮಿನಿಯಂಗೆ ನೇರ ತಾಗಿದರೆ ಮಳೆಗಾಲ ಮುಗಿಯೋ ಹೊತ್ತಿಗೆ ಸುತ್ತ ಬಿಳಿ ಪುಡಿ ಏಳುತ್ತದೆ, ನಡುವೆ ನೈಲಾನ್ ಕೊಳವೆ ಇರಲಿ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಒಬ್ಬನೇ ಹೋಗುವಾಗ ಪಕ್ಕದ ಸೀಟನ್ನು ಕ್ಯಾನ್ವಾಸ್‌ನಲ್ಲಿ ಮುಚ್ಚಿ, ಆ ಕಡೆಯ ಸ್ಕ್ರೀನ್ ತೆಗೆದೆ. ಇನ್ನೂ ಶಾಂತ ಆಗುತ್ತೆ ಅಂದುಕೊಂಡಿದ್ದೆ. ಕ್ಯಾನ್ವಾಸ್ ಪಟಪಟ ಬಡಿದು ಒಂದು ಪ್ರೆಸ್ ಬಟನ್ ಕಿತ್ತು ಬಂತು. ಎರಡು ಅಲ್ಯೂಮಿನಿಯಂ ಬಿಲ್ಲು ಒಳಗಿಂದ ಕೊಟ್ಟು ಬಿಗಿ ಮಾಡಿದ ಮೇಲೆ ಸುಮ್ಮನಾಯಿತು. ನನ್ನ ಎಡಗಿವಿಯ ಸದ್ದು ನಿಜಕ್ಕೂ ಕಡಿಮೆಯಾಗಿದೆ. ಇದರ ಮೇಲೆ ಇನ್ನೂ ಕೆಲಸ ಮಾಡಬೇಕು.

ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಇಲ್ಲದೆ ಹೊರಡಬೇಡಿ. ಹನ್ನೆರಡು ಸೆಂಟಿಮೀಟರ್ ಸ್ಕ್ರೀನ್‌ನ ಮೇಲಿಂದ ನೋಡುತ್ತೀರಿ, ಅದರ ಮೂಲಕ ಅಲ್ಲ. ಮುಂದಿನ ಲಾರಿ ಎಸೆದ ಕಲ್ಲು ನೇರ ಮುಖಕ್ಕೇ ಬರುತ್ತದೆ. ನನ್ನ ವೈಸರ್ ಮೇಲೆ ಕಡಲೆಕಾಳಿನಷ್ಟು ಗುರುತು ಒಂದಿದೆ, ಬಲಗಣ್ಣಿನ ಎದುರಿಗೇ. ಅದನ್ನು ಎಸೆಯದೆ ಗ್ಯಾರೇಜಿನಲ್ಲಿ ಮೊಳೆಗೆ ನೇತುಹಾಕಿದ್ದೇನೆ, ಗಾಡಿ ಓಡಿಸಲು ಕೇಳುವವರಿಗೆ ಮೊದಲು ಅದನ್ನು ತೋರಿಸುತ್ತೇನೆ.

ಮಳೆಯಲ್ಲಿ ಅರವತ್ತರ ಮೇಲೆ ಓಡುತ್ತಿದ್ದರೆ ಹನಿಗಳು ತುಟಿಯಿಂದ ಎಗರಿ ತಲೆಯ ಮೇಲಿಂದ ಹೋಗುತ್ತವೆ. ಸಿಗ್ನಲ್‌ನಲ್ಲಿ ನಿಂತರೆ ತೊಡೆಯ ಮೇಲೆ ನೀರು. ತೊಳೆಯೋದು ಬರೀ ಸೋಪಿನ ನೀರು, ಮೆತ್ತನೆ ಬಟ್ಟೆ, ಒಣ ಬಟ್ಟೆಯಲ್ಲಿ ಒಂದು ಸಲವೂ ಒರೆಸಿಲ್ಲ.

ಹೋದ ತಿಂಗಳು ತಮ್ಮನನ್ನು ಮತ್ತೆ ಕೂರಿಸಿಕೊಂಡು ಹೋದೆ. ನೂರಕ್ಕೆ ಏರಿಸಿ ಅವನ ಕಡೆ ನೋಡಿದೆ. ಅವನು ಕಡ್ಡಿ ತಂದಿದ್ದ, ನನಗೆ ಹೇಳಿರಲಿಲ್ಲ. ಗದ್ದದ ಹತ್ತಿರ ಹಿಡಿದ. ಕೆಂಪು ದಾರ ಎದೆಯ ಮೇಲೆ ಸುಮ್ಮನೆ ಮಲಗಿತ್ತು, ತುದಿ ಮಾತ್ರ ಅಲ್ಲಾಡುತ್ತಿತ್ತು. ಅವನ ಎತ್ತರಕ್ಕೆ 115 ದಾಟಿದ ಮೇಲೆ ಇನ್ನೂ ಸ್ವಲ್ಪ ಅದುರುತ್ತದೆ. ಆ ಕಡೆಯ ಸ್ಕ್ರೀನಿನ ತುಟಿಯನ್ನು ಎರಡು ಮಿಲಿಮೀಟರ್ ಉದ್ದ ಮಾಡಿ ನೋಡಬೇಕು, ಪಟ್ಟಿ ಕತ್ತರಿಸಿ ಇಟ್ಟಿದ್ದೇನೆ.