ರಾಯಚೂರಿನ ಬೇಸಿಗೆಯಲ್ಲಿ ಡಬ್ಬಿ ಹಾಲು: ನನ್ನ ಅನುಭವ

ಅವಳಿ ಮಕ್ಕಳಿಗೆ ನನ್ನ ಎದೆಹಾಲೊಂದೇ ಸಾಲದೆ ಹೋದಾಗ, ವೈದ್ಯರ ಸಲಹೆಯಂತೆ ಡಬ್ಬಿ ಹಾಲನ್ನೂ ಕೊಡಬೇಕಾಯಿತು. ಪುಡಿಯಲ್ಲಿ ಕ್ರೋನೊಬ್ಯಾಕ್ಟರ್ ಎಂಬ, ಎಳೆಗೂಸುಗಳಿಗೆ ಅಪಾಯಕಾರಿಯಾದ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ೭೦ ಡಿಗ್ರಿಗಿಂತ ಕಡಿಮೆಯಿಲ್ಲದ ನೀರಿನಲ್ಲೇ ಕಲಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೦೭ರಲ್ಲೇ ಹೇಳಿದೆ. ಅಷ್ಟು ಬಿಸಿಗೆ ಹಾಲಿನ ಸತ್ವ ಹೋಗುತ್ತದೆ, ಮೇ ತಿಂಗಳಲ್ಲಿ ಅದು ಆರುವಷ್ಟರಲ್ಲಿ ಕೂಸುಗಳು ಅತ್ತು ಸುಸ್ತಾಗುತ್ತವೆ ಎಂದು ಅತ್ತೆಯವರೂ ನೆರೆಮನೆಯವರೂ ಒಪ್ಪಲಿಲ್ಲ. ಎರಡನೆಯ ಮಾತಿನಲ್ಲಿ ಹುರುಳಿತ್ತು.

ನಮ್ಮೂರಲ್ಲಿ ಬಿಸಿ ಮಾಡುವುದಲ್ಲ, ಆರಿಸುವುದೇ ಕಷ್ಟ. ಮಧ್ಯಾಹ್ನ ಮಾಳಿಗೆಯ ಟ್ಯಾಂಕಿನ ನೀರೇ ೪೦ ಡಿಗ್ರಿಯ ಹತ್ತಿರವಿರುವುದರಿಂದ ಅದರಲ್ಲಿ ಬಾಟಲಿ ಇಟ್ಟು ಪ್ರಯೋಜನವಾಗಲಿಲ್ಲ. ಕರೆಂಟು ಹೋಗಿ ಬರುವ ಮನೆಯಲ್ಲಿ ಫ್ರಿಜ್ಜನ್ನು ನಂಬಿ ಹಾಲು ಮಾಡಿಡುವಂತೆಯೂ ಇರಲಿಲ್ಲ. ಕೊನೆಗೆ ಕೈಹಿಡಿದದ್ದು ಗಡಿಗೆ. ಒದ್ದೆ ಮರಳಿನ ಮೇಲೆ ಕೂರಿಸಿ, ತೊಯ್ದ ಗೋಣಿತಟ್ಟು ಸುತ್ತಿ ಗಾಳಿಗಿಟ್ಟರೆ ಒಳಗಿನ ನೀರು ೨೭ ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಆ ನೀರನ್ನು ಅಗಲವಾದ ಬೋಗುಣಿಗೆ ಸುರಿದು, ಕುದಿಸಿದ ಸ್ಟೀಲ್ ಲೋಟದಲ್ಲಿ ಕಲಸಿದ ಹಾಲನ್ನು ಮುಚ್ಚಿ, ನೀರು ಅಂಚು ದಾಟದಂತೆ ಇಟ್ಟರೆ ೯೦ ಮಿಲಿ ಹಾಲು ಐದಾರು ನಿಮಿಷಕ್ಕೆ ಕುಡಿಯುವ ಹದಕ್ಕೆ ಬರುತ್ತದೆ. ಪ್ಲಾಸ್ಟಿಕ್ ಬಾಟಲಿಗೆ ಇದರ ಎರಡು ಪಟ್ಟು ಹೊತ್ತು ಬೇಕಾಯಿತು.

ರಾತ್ರಿಗೆ ಫ್ಲಾಸ್ಕು ಬೇಕು. ೨೫೦ ರೂಪಾಯಿಯದು ನಡುರಾತ್ರಿಗೇ ೭೦ರ ಕೆಳಗಿಳಿದು ದುಡ್ಡು ದಂಡವಾಯಿತು. ಸುಮಾರು ೯೦೦ ಕೊಟ್ಟು ತಂದ ಸ್ಟೀಲ್ ಫ್ಲಾಸ್ಕಿನಲ್ಲಿ ಬೆಳಗಿನ ಜಾವಕ್ಕೂ ೭೫ ಉಳಿದಿತ್ತು. ಥರ್ಮಾಮೀಟರಿಗೆ ೩೦೦ರಷ್ಟು ಹೋಯಿತು, ಆದರೆ ಅದಿಲ್ಲದೆ ಇದನ್ನೆಲ್ಲ ಹೇಳುವಂತಿರಲಿಲ್ಲ.

ನೀರಿನ ವಿಷಯದಲ್ಲಿ ನಾನು ಹಟ ಬಿಡಲಿಲ್ಲ. ನಮ್ಮ ಕಡೆ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಆದ್ದರಿಂದ ಶುದ್ಧ ನೀರಿನ ಘಟಕದಿಂದ ಕೊಡ ತುಂಬಿಸಿ, ಅದನ್ನೂ ಕುದಿಸಿಯೇ ಬಳಸಿದೆ.

ಉಳಿದ ಹಾಲನ್ನು ಚೆಲ್ಲುವುದೇ ಮನೆಯವರಿಗೆ ಸಂಕಟದ ವಿಷಯವಾಗಿತ್ತು. ೪೦೦ ಗ್ರಾಮಿನ ಡಬ್ಬಿಗೆ ನಾಲ್ಕು ನೂರಕ್ಕೂ ಮೇಲೆ ಬೆಲೆಯಿರುವಾಗ ೩೦ ಮಿಲಿ ಚೆಲ್ಲಿದರೆ ಐದು ರೂಪಾಯಿ ಹೋದಂತೆ. ಆದರೆ ಕಲಸಿ ಎರಡು ಗಂಟೆಯಾದ ಹಾಲನ್ನು ನಾನು ಮಕ್ಕಳ ಬಾಯಿಗೆ ಇಡಲಿಲ್ಲ. ಬಾಟಲಿಯ ನಿಪ್ಪಲ್ಲಿಗಿಂತ ತೊಳೆಯಲು ಸುಲಭವೆಂದು ಒಳಲೆಯಲ್ಲೇ ಕುಡಿಸಿದೆ. ಇಡೀ ಬೇಸಿಗೆ ಇಬ್ಬರಿಗೂ ಒಮ್ಮೆಯೂ ಭೇದಿಯಾಗಲಿಲ್ಲ, ಈಗ ಅತ್ತೆಯವರೇ ಗಡಿಗೆಗೆ ನೀರು ತುಂಬಿಸುತ್ತಾರೆ. ಮಳೆಗಾಲದ ತೇವದ ಗಾಳಿಗೆ ಮಾತ್ರ ಗಡಿಗೆ ಅಷ್ಟು ತಣಿಯುವುದಿಲ್ಲ. ಆಗ ಟ್ಯಾಂಕಿನ ನೀರೇ ಸಾಕಷ್ಟು ತಂಪಿರುವುದರಿಂದ ಅದನ್ನೇ ಬೋಗುಣಿಗೆ ಎರಡು ಸಲ ಬದಲಿಸುತ್ತೇನೆ.