ಮೊದಲು ಉಸಿರು ಬಿಡಿ

ಗಾಬರಿಗೊಂಡವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ದೀರ್ಘವಾಗಿ ಉಸಿರು ಎಳೆದುಕೊಳ್ಳಿ. ನನಗೆ ಈ ಸಲಹೆ ಅಷ್ಟಾಗಿ ಒಪ್ಪಿಗೆಯಿಲ್ಲ. ಗಾಬರಿಯಲ್ಲಿ ಎದೆ ಆಗಲೇ ಬಿಗಿದಿರುತ್ತದೆ, ಹೆಗಲು ಕಿವಿಯ ಹತ್ತಿರಕ್ಕೆ ಏರಿರುತ್ತದೆ. ಅದರ ಮೇಲೆ ಇನ್ನಷ್ಟು ಗಾಳಿ ತುರುಕಿದರೆ ಉಸಿರುಗಟ್ಟಿದಂತಾಗುತ್ತದೆ, ಅಷ್ಟೆ. ಮೊದಲು ಆಗಬೇಕಾದದ್ದು ಒಳಗಿರುವುದನ್ನು ಹೊರಗೆ ಬಿಡುವುದು.

ಇದಕ್ಕೆ ಕಾರಣವೂ ಇದೆ. ಉಸಿರು ಎಳೆಯುವಾಗ ಹೃದಯದ ಬಡಿತ ತುಸು ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಮಿದುಳಿನಿಂದ ಹೃದಯಕ್ಕೆ ಇಳಿದು ಬರುವ ವೇಗಸ್ ನರ ಬಡಿತಕ್ಕೆ ಕಡಿವಾಣ ಹಾಕುವುದು ಮುಖ್ಯವಾಗಿ ಉಸಿರು ಬಿಡುವ ಹೊತ್ತಿನಲ್ಲಿ. ಆರಾಮವಾಗಿ ಕುಳಿತು ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ನೋಡಿ. ಕೆಲವರಿಗೆ ಈ ಏರಿಳಿತ ಬೆರಳಿಗೇ ಸಿಗುತ್ತದೆ.

ದಿನವಿಡೀ ಫೋನಿನಲ್ಲಿ ಗ್ರಾಹಕರ ದೂರು ಕೇಳುವುದು ನನ್ನ ಕೆಲಸ. ಆ ಕಡೆಯ ದನಿ ಏರಿದ ಕೂಡಲೇ ನನ್ನ ದವಡೆ ಬಿಗಿಯುತ್ತದೆ. ನನಗೆ ಅದೇ ಸೂಚನೆ. ಹಲ್ಲುಗಳನ್ನು ಬಿಡಿಸಿ, ಹೆಗಲು ಇಳಿಸಿ, ತುಟಿಗಳನ್ನು ಸಣ್ಣದಾಗಿ ತೆರೆದು ಸದ್ದಿಲ್ಲದೆ ಉಸಿರನ್ನು ಬಿಡುತ್ತೇನೆ. ಬಿಟ್ಟು ಮುಗಿದ ಮೇಲೆ ಗಾಳಿ ಮೂಗಿನಿಂದ ತಾನಾಗಿಯೇ ಒಳಗೆ ಬರುತ್ತದೆ; ಎಳೆಯುವ ಶ್ರಮ ಬೇಕಿಲ್ಲ. ಒಂದು ಕೈ ಹೊಕ್ಕುಳಿನ ಮೇಲಿರಲಿ. ಹೊಟ್ಟೆ ಆ ಕೈಯನ್ನು ಮುಂದಕ್ಕೆ ತಳ್ಳಬೇಕು, ಎದೆ ಮೇಲೇಳಬಾರದು. ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯುವಾದ ವಪೆ ಕೆಳಗಿಳಿದು ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಅದೇ ಗುರುತು. ಸೊಂಟದಲ್ಲಿ ಬೆಲ್ಟ್ ಬಿಗಿಯಾಗಿದ್ದರೆ ಒಂದು ರಂಧ್ರ ಸಡಿಲಿಸಿ, ನಾಚಿಕೆ ಬೇಡ.

ಲೆಕ್ಕ ಬೇಕೆನ್ನುವವರು ನಾಲ್ಕು ಎಣಿಸುವಷ್ಟು ಹೊತ್ತು ಎಳೆದು, ಆರು ಎಣಿಸುವಷ್ಟು ಹೊತ್ತು ಬಿಡಲಿ. ಎಣಿಕೆ ಸೆಕೆಂಡಿನ ಲಯದಲ್ಲಿದ್ದರೆ ನಿಮಿಷಕ್ಕೆ 6 ಉಸಿರಾಗುತ್ತದೆ. ಸುಮ್ಮನೆ ಕುಳಿತ ವಯಸ್ಕರ ಉಸಿರಾಟ ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಇರುತ್ತದೆ. ಹಾಗಾಗಿ ಆರಂಭದಲ್ಲಿ ಇದು ತೀರಾ ನಿಧಾನ ಎನಿಸಿದರೆ ಮೂರಕ್ಕೆ ಎಳೆದು ನಾಲ್ಕಕ್ಕೆ ಬಿಟ್ಟರೂ ಸಾಕು. ಎಳೆದು, ತಡೆದು, ಬಿಟ್ಟು, ಮತ್ತೆ ತಡೆಯುವ ಚೌಕದ ಕ್ರಮವೂ ಇದೆ. ಕೆಲವರಿಗೆ ಅದು ಹಿಡಿಸುತ್ತದೆ. ಬೈಗುಳ ಕೇಳುತ್ತಾ ಉಸಿರು ಬಿಗಿಹಿಡಿಯುವುದು ನನ್ನಿಂದಾಗದು.

ತುಟಿ, ಬೆರಳ ತುದಿ ಜುಮ್ಮೆಂದರೆ ಅಥವಾ ತಲೆ ಹಗುರಾಗಿ ತಿರುಗಿದರೆ ನೀವು ಅಗತ್ಯಕ್ಕಿಂತ ಹೆಚ್ಚು ಉಸಿರಾಡುತ್ತಿದ್ದೀರಿ ಎಂದರ್ಥ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದಾಗ ಹೀಗಾಗುತ್ತದೆ. ಎಣಿಕೆ ಕೈಬಿಟ್ಟು ಎಂದಿನಂತೆ ಉಸಿರಾಡಿ, ಸರಿಹೋಗುತ್ತದೆ. ಎದೆನೋವಿದ್ದರೆ ಮಾತ್ರ ಉಸಿರಾಟದ ಪ್ರಯೋಗಕ್ಕೆ ಇಳಿಯಬೇಡಿ, ವೈದ್ಯರ ಬಳಿಗೆ ಹೋಗಿ.

ಇನ್ನು ಅಭ್ಯಾಸ. ಸಿಟ್ಟು ನೆತ್ತಿಗೇರಿದಾಗ ಮೊದಲ ಬಾರಿಗೆ ಕಲಿಯಲು ಹೊರಟರೆ ಎಣಿಕೆಯೇ ತಪ್ಪುತ್ತದೆ. ಮಲಗುವ ಮುನ್ನ ಐದು ನಿಮಿಷ, ಅಂಗಾತ ಮಲಗಿ, ಹೊಟ್ಟೆಯ ಮೇಲೆ ಒಂದು ಪುಸ್ತಕವಿಟ್ಟು ಅದು ಏರಿಳಿಯುವುದನ್ನು ನೋಡಿ. ದಪ್ಪ ಪುಸ್ತಕ ಬೇಡ.